ನಾಲ್ಕನೆಯ ಚುಕ್ಕಿ ಎಲ್ಲಿಡಬೇಕು?

ಪ್ರಶ್ನೆ: ಗ್ರಾಫ್‌ನಲ್ಲಿ (1, 1), (4, 2), (2, 4) ಎಂಬ ಮೂರು ಬಿಂದು ಕೊಟ್ಟಿದ್ದಾರೆ. ಇನ್ನೊಂದು ಬಿಂದು ಸೇರಿಸಿ ಸಮಾಂತರ ಚತುರ್ಭುಜ ಮಾಡಬೇಕು. ಮಗಳಿಗೆ (5, 5) ಬಂತು, ಅವಳ ಗೆಳತಿಗೆ (3, -1). ಯಾರದ್ದು ಸರಿ?
– ಸುರತ್ಕಲ್‌ನ ತಾಯಿಯೊಬ್ಬರು

ಇಬ್ಬರದ್ದೂ ಸರಿ. ಇನ್ನೂ ಒಂದು ಉತ್ತರ ಇದೆ: (-1, 3).

ಸಮಾಂತರ ಚತುರ್ಭುಜದ ಕರ್ಣಗಳು ಒಂದನ್ನೊಂದು ಸರಿಯಾಗಿ ಅರ್ಧಕ್ಕೆ ಕತ್ತರಿಸುತ್ತವೆ. ಎಲ್ಲವೂ ನಿಂತಿರುವುದು ಇದರ ಮೇಲೆ. ಕೊಟ್ಟ ಮೂರರಲ್ಲಿ ಯಾವ ಎರಡು ಎದುರುಬದುರು ಕೂರುತ್ತವೆ ಅಂತ ಮೊದಲು ತೀರ್ಮಾನಿಸಬೇಕು. ಮೂರರಿಂದ ಎರಡನ್ನು ಆರಿಸಲು ಮೂರೇ ದಾರಿ. ಅದಕ್ಕೇ ಉತ್ತರವೂ ಮೂರು. ಎದುರುಬದುರಾದ ಎರಡನ್ನು ಕೂಡಿಸಿ, ಉಳಿದದ್ದನ್ನು ಕಳೆದರೆ ಆಯಿತು. ಮಗಳು ಮಾಡಿದ್ದು ಇದು: 4+2-1=5, 2+4-1=5.

(5, 5) ಬೇಗ ಹೊಳೆಯುತ್ತದೆ. ಉಳಿದೆರಡು ಅಕ್ಷಗಳ ಆಚೆ ಬೀಳುತ್ತವೆ. ಹಾಳೆಯ ಮೂಲೆಯಲ್ಲೇ ಅಕ್ಷ ಎಳೆದುಬಿಟ್ಟರೆ ಅವುಗಳಿಗೆ ಜಾಗವೇ ಇರುವುದಿಲ್ಲ. ಅಕ್ಷಗಳನ್ನು ಹಾಳೆಯ ನಡುವೆ ಎಳೆಯಲು ಹೇಳಿ. ಮೂರೂ ಹೊಸ ಬಿಂದುಗಳನ್ನು ಸೇರಿಸಿದರೆ ಒಂದು ದೊಡ್ಡ ತ್ರಿಕೋನ ಬರುತ್ತದೆ. ಕೊಟ್ಟ ಮೂರು ಬಿಂದುಗಳು ಅದರ ಬಾಹುಗಳ ನಟ್ಟನಡುವೆ ಕೂತಿರುತ್ತವೆ. ನೋಡಲು ತುಂಬಾ ಚಂದ.

ಒಂದು ಮಾತು. ಪ್ರಶ್ನೆಪತ್ರಿಕೆಯನ್ನು ಇನ್ನೊಮ್ಮೆ ಓದಿ. ಬಿಂದುಗಳಿಗೆ ಇದೇ ಕ್ರಮದಲ್ಲಿ ಎ, ಬಿ, ಸಿ ಅಂತ ಹೆಸರಿಟ್ಟು, "ಎಬಿಸಿಡಿ ಸಮಾಂತರ ಚತುರ್ಭುಜ" ಎಂದಿದ್ದರೆ ಎ ಎದುರು ಸಿ ಇರಲೇಬೇಕು. ಆಗ (-1, 3) ಒಂದೇ ಉತ್ತರ. ಪಾಪ, ಇಬ್ಬರದ್ದೂ ತಪ್ಪಾಗುತ್ತದೆ.

ಈ ಉಪಾಯವನ್ನು ನಾನು ಮಕ್ಕಳಿಗೆ ಕಲಿಸುವುದು ಚುಕ್ಕಿ ರಂಗೋಲಿಯಲ್ಲಿ. ಉಡುಪಿಯ ನಮ್ಮ ಮನೆಯಲ್ಲಿ ಅಮ್ಮ ಬೆಳಿಗ್ಗೆ ತುಳಸಿಕಟ್ಟೆ ಎದುರು ನೀರು ಚಿಮುಕಿಸಿ, ಎರಡು ಬೆರಳಲ್ಲಿ ಪುಡಿ ಹಿಡಿದು ಚುಕ್ಕಿ ಇಡುತ್ತಾರೆ. ಅಳತೆಪಟ್ಟಿ ಇಲ್ಲ, ಆದರೂ ಸಾಲು ತಪ್ಪುವುದಿಲ್ಲ. ಮೂರು ಸಾಲು, ಸಾಲಿಗೆ ಮೂರು ಚುಕ್ಕಿ ಅಂದುಕೊಳ್ಳಿ. ಇದರಲ್ಲಿ ಎಷ್ಟು ಸಮಾಂತರ ಚತುರ್ಭುಜ ಇವೆ? ಮಕ್ಕಳು ಜಾಸ್ತಿಯಾಗಿ 9 ಅನ್ನುತ್ತಾರೆ. ಅದು ನೆಟ್ಟಗಿರುವ ಚೌಕ, ಆಯತಗಳ ಲೆಕ್ಕ ಮಾತ್ರ. ಕೆಳಸಾಲಿನ ಮೊದಲ ಎರಡು ಚುಕ್ಕಿಗೆ ನಡುಸಾಲಿನ ಕೊನೆಯ ಎರಡನ್ನು ಸೇರಿಸಿ ನೋಡಿ, ವಾಲಿದ್ದೊಂದು ಸಿಗುತ್ತದೆ.

ಸುಮ್ನೆ ಆಕಾರ ಹುಡುಕುತ್ತಾ ಹೋದರೆ ಲೆಕ್ಕ ತಪ್ಪುತ್ತದೆ. ಕರ್ಣ ಹುಡುಕಿ. ಚುಕ್ಕಿಗಳನ್ನು ಎರಡೆರಡಾಗಿ ಜೋಡಿಸಿದರೆ 36 ಗೆರೆ. ನಡುಬಿಂದು ಒಂದೇ ಆದ ಎರಡು ಗೆರೆ ಸಿಕ್ಕಿದರೆ ಒಂದು ಚತುರ್ಭುಜ. ನಟ್ಟನಡುವಿನ ಚುಕ್ಕಿಯಲ್ಲಿ 4 ಗೆರೆಗಳ ನಡುಬಿಂದು ಕೂಡುತ್ತದೆ, ಅಲ್ಲಿ 6 ಚತುರ್ಭುಜ. ಆ ಚುಕ್ಕಿಗೂ ಅದರ ಮೇಲೆ, ಕೆಳಗೆ, ಅಕ್ಕಪಕ್ಕದ ಚುಕ್ಕಿಗಳಿಗೂ ಮಧ್ಯದಲ್ಲಿ ನಾಲ್ಕು ಜಾಗ, ಒಂದೊಂದರಲ್ಲೂ 3 ಗೆರೆ, ಹಾಗಾಗಿ 3 ಚತುರ್ಭುಜ, ಒಟ್ಟು 12. ಚಿಕ್ಕ ಚೌಕಗಳ ನಡುವೆ ಒಂದೊಂದರಂತೆ 4. ಎಲ್ಲಾ ಸೇರಿ 22.

ನಾಲ್ಕು ಸಾಲು, ಸಾಲಿಗೆ ನಾಲ್ಕು ಚುಕ್ಕಿ ಆದರೆ ಇದೇ ಲೆಕ್ಕದಲ್ಲಿ 168 ಬರುತ್ತದೆ. ಆದರೆ ನಾಲ್ಕು ಚುಕ್ಕಿಯೂ ಒಂದೇ ಗೆರೆಯಲ್ಲಿರುವ ಜೋಡಿಗಳೂ ಅದರಲ್ಲಿ ಸೇರಿಕೊಂಡಿರುತ್ತವೆ: ಅಡ್ಡಕ್ಕೆ 4, ಉದ್ದಕ್ಕೆ 4, ಮೂಲೆಯಿಂದ ಮೂಲೆಗೆ 2. ಆ 10 ಬಿಟ್ಟರೆ 158.