ಮದುವೆಯ ಬೆಳಗಿನ ತಿಂಡಿ: ಲೆಕ್ಕ ಶುರುವಾಗುವುದು ಲಗ್ನದಿಂದ

ಮದುವೆಯ ಅಡುಗೆ ಒಪ್ಪಿಸಲು ಬರುವ ಹೆಣ್ಣಿನ ಕಡೆಯವರು ಮಧ್ಯಾಹ್ನದ ಊಟದ ಪಟ್ಟಿಯ ಮೇಲೆ ಒಂದು ಗಂಟೆ ಮಾತನಾಡಿ, ಏಳುವ ಹೊತ್ತಿಗೆ "ಬೆಳಿಗ್ಗೆ ತಿಂಡಿಗೆ ನೀವೇ ಏನಾದರೂ ಮಾಡಿಬಿಡಿ" ಎನ್ನುತ್ತಾರೆ. ನಾನು ಅವರನ್ನು ಮತ್ತೆ ಕೂರಿಸಿ ಲಗ್ನಪತ್ರಿಕೆ ಕೇಳುತ್ತೇನೆ. ಧಾರೆ ಎಷ್ಟು ಹೊತ್ತಿಗೆ ಎಂಬುದು ತಿಳಿಯದೆ ತಿಂಡಿಯ ಪಟ್ಟಿ ಬರೆಯಲು ನನಗೆ ಕೈ ಬರುವುದಿಲ್ಲ.

ವೈಶಾಖದಲ್ಲಿ ಮಿಥುನ ಲಗ್ನವೆಂದರೆ ಧಾರೆ ಬಹುಪಾಲು 9ರಿಂದ 10.30ರ ಒಳಗೆ ಬೀಳುತ್ತದೆ. ಅದಕ್ಕೂ ಮೊದಲು ವರಪೂಜೆ, ಕಾಶೀಯಾತ್ರೆ ಮುಗಿಯಬೇಕಾದ್ದರಿಂದ ಹತ್ತಿರದ ನೆಂಟರು 8ಕ್ಕೆಲ್ಲ ಎಲೆಯಿಂದ ಏಳಬೇಕು, ಊಟದ ಮೊದಲ ಪಂಕ್ತಿ 11.30ಕ್ಕೇ ಕೂರುವುದರಿಂದ ತಿಂಡಿಯೂ ಹಗುರವಾಗಿರಬೇಕು. ಅಭಿಜಿನ್ ಲಗ್ನವಾದರೆ ಧಾರೆ ನಡುಹಗಲಿಗೆ, ಊಟ 1 ಗಂಟೆಗೆ. ಆಗ ಪೂರಿ ಸಾಗು, ಪೊಂಗಲ್‌ನಂಥ ಗಟ್ಟಿ ತಿಂಡಿಯೇ ಸರಿ.

ಈಚೆಗೆ ಎಲ್ಲರೂ ಮಸಾಲೆ ದೋಸೆ ಕೇಳುತ್ತಾರೆ. ಅವರ ಮುಂದೆಯೇ ಲೆಕ್ಕ ಹಾಕಿ ತೋರಿಸುತ್ತೇನೆ. ದೊಡ್ಡ ಕಾವಲಿಯೊಂದರ ಮೇಲೆ 5 ನಿಮಿಷಕ್ಕೆ 10 ದೋಸೆ ಎದ್ದರೂ ಗಂಟೆಗೆ 120 ಮಾತ್ರ, 300 ಜನಕ್ಕೆ ಎರಡೂವರೆ ಗಂಟೆ ಬೇಕು. ಅಷ್ಟರಲ್ಲಿ ಗಟ್ಟಿಮೇಳ ಆಗಿಹೋಗಿರುತ್ತದೆ, ಅಕ್ಷತೆ ಹಾಕಬೇಕಾದವರು ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿರುತ್ತಾರೆ. ನನ್ನ ಮಟ್ಟಿಗೆ ಬೆಳಗಿನ ಮುಹೂರ್ತಕ್ಕೆ ಇಡ್ಲಿ, ಖಾರಾಬಾತ್, ಕೇಸರಿಬಾತ್, ಚಟ್ನಿ, ಸಾಂಬಾರ್, ಕಾಫಿ ಸಾಕು. ಬೇಕೆನ್ನುವವರು ಉದ್ದಿನ ವಡೆ ಸೇರಿಸಿಕೊಳ್ಳಬಹುದು. ಎಂಟು ಬಗೆ ಆರಿದ್ದಕ್ಕಿಂತ ಮೂರು ಬಗೆ ಬಿಸಿಯಾಗಿರುವುದನ್ನೇ ಜನ ಮೆಚ್ಚಿ ತಿನ್ನುವುದನ್ನು ಇಷ್ಟು ವರ್ಷ ಕಂಡಿದ್ದೇನೆ.

ಊಟಕ್ಕೆ 600 ಜನವೆಂದರೆ ತಿಂಡಿಗೆ ಅದರ ಅರ್ಧ ಹಿಡಿಯುತ್ತೇನೆ. ಛತ್ರದಲ್ಲಿ ರಾತ್ರಿ ತಂಗುವ ಬೀಗರ ಸಂಖ್ಯೆಯನ್ನು ಮಾತ್ರ ಪ್ರತ್ಯೇಕವಾಗಿ ಕೇಳುತ್ತೇನೆ, ಏಕೆಂದರೆ ಅವರಲ್ಲಿ ತಿಂಡಿ ಬಿಡುವವರು ಯಾರೂ ಇರುವುದಿಲ್ಲ. 300 ಜನಕ್ಕೆ ತಲೆಗೆ ಎರಡೂವರೆಯಂತೆ 750 ಇಡ್ಲಿ. ನಮ್ಮ ಅಚ್ಚಿನ ಅಳತೆಗೆ 1 ಕೆ.ಜಿ. ಉದ್ದಿನಬೇಳೆಗೆ 120 ಇಡ್ಲಿ ಬರುವುದರಿಂದ ಆರೂವರೆ ಕೆ.ಜಿ. ಬೇಳೆ, 14 ಕೆ.ಜಿ. ಇಡ್ಲಿ ರವೆ. ಖಾರಾಬಾತಿಗೆ 12 ಕೆ.ಜಿ. ರವೆ, ಚಟ್ನಿಗೆ 25 ತೆಂಗಿನಕಾಯಿ. ಕಾಫಿಗೆ 1 ಲೀಟರ್ ಹಾಲು 9 ಲೋಟಕ್ಕೆ ಬರುತ್ತದೆ, ಆದರೆ ಎರಡನೇ ಲೋಟ ಕೇಳುವವರನ್ನು ಮರೆತು ಹಾಲು ತರಿಸಬಾರದು.

ಹಿಟ್ಟಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಧನುರ್ಮಾಸ ಕಳೆದು ಮಾಘದಲ್ಲಿ ಮದುವೆಗಳು ಶುರುವಾದಾಗ ರಾತ್ರಿಯ ಚಳಿ ಇನ್ನೂ ಬಿಟ್ಟಿರುವುದಿಲ್ಲ. ಹಲವು ವರ್ಷಗಳ ಹಿಂದೆ ತಿಪಟೂರಿನ ಕಡೆ ಒಂದು ಮದುವೆಯಲ್ಲಿ, ತಗಡಿನ ಮಾಡಿನ ಅಡುಗೆಮನೆಯಲ್ಲಿ ಸಂಜೆ 7ಕ್ಕೆ ರುಬ್ಬಿಟ್ಟ ಹಿಟ್ಟನ್ನು ನಸುಕಿನ 4ಕ್ಕೆ ತೆರೆದು ನೋಡಿದರೆ, ಸುರಿದ ಗುರುತಿನಿಂದ ಒಂದು ಬೆರಳಿನಷ್ಟೂ ಮೇಲೆ ಬಂದಿರಲಿಲ್ಲ. ಕೈ ಹಾಕಿದರೆ ತಣ್ಣಗೆ ಗಾರೆಯಂತಿತ್ತು, ಮೊದಲ ಒಬ್ಬೆಯ ಇಡ್ಲಿ ಕಲ್ಲಾಯಿತು. ಖಾರಾಬಾತಿಗೆಂದು ಹುರಿದಿಟ್ಟ ರವೆ ಉಗ್ರಾಣದಲ್ಲಿ ಸಾಕಷ್ಟು ಇದ್ದುದರಿಂದ ಅದನ್ನೇ ಎರಡರಷ್ಟು ಮಾಡಿ ಮಾನ ಉಳಿಸಿಕೊಂಡೆವು. ಅಂದಿನಿಂದ, ಲೆಕ್ಕಕ್ಕಿಂತ 5 ಕೆ.ಜಿ. ಹೆಚ್ಚು ಹುರಿದ ರವೆ ಇಲ್ಲದೆ ನಾನು ಯಾವ ಛತ್ರಕ್ಕೂ ಹೋಗಿಲ್ಲ. ಮಾಘದಲ್ಲಿ ಮಧ್ಯಾಹ್ನ 3ಕ್ಕೇ ರುಬ್ಬಿಸಿ, ಇಡ್ಲಿ ರವೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಹಿಂಡಿ ಕಲಸಿ, ಪಾತ್ರೆಗೆ ಗೋಣಿಚೀಲ ಸುತ್ತಿ ಒಲೆಯ ಮಗ್ಗುಲಲ್ಲಿ ಇಡಿಸುತ್ತೇನೆ. ವೈಶಾಖದಲ್ಲಿ ಇದಕ್ಕೆ ತದ್ವಿರುದ್ಧ: ರಾತ್ರಿ 9ರ ನಂತರ ತಣ್ಣೀರಿನಲ್ಲಿ ರುಬ್ಬಿ, ಉಪ್ಪನ್ನು ನಸುಕಿನಲ್ಲಿ ಬೆರೆಸಬೇಕು, ಇಲ್ಲವಾದರೆ ಹಿಟ್ಟು ಉಕ್ಕಿ ಹುಳಿಯಾಗುತ್ತದೆ. ಉದ್ದು ಸರಿಯಾಗಿ ರುಬ್ಬಿದೆಯೇ ಎಂದು ತಿಳಿಯಲು ಒಂದು ಹನಿ ಹಿಟ್ಟನ್ನು ನೀರಿಗೆ ಬಿಟ್ಟರೆ ಸಾಕು, ತೇಲಿದರೆ ಆಗಿದೆ.

120 ಇಡ್ಲಿ ಹಿಡಿಯುವ ಪೆಟ್ಟಿಗೆಯಲ್ಲಿ ಒಬ್ಬೆಗೆ 15 ನಿಮಿಷ ಹಿಡಿಯುತ್ತದೆ. ಎರಡು ಪೆಟ್ಟಿಗೆಗಳಿದ್ದು 6.30ಕ್ಕೆ ಮೊದಲ ಒಬ್ಬೆ ಹಚ್ಚಿದರೆ 7ಕ್ಕೆ ಕೂರುವ ಪಂಕ್ತಿಗೆ ಧೈರ್ಯವಾಗಿ ಬಡಿಸಬಹುದು. ಖಾರಾಬಾತನ್ನು ಒಮ್ಮೆಲೇ ಮಾಡಿಟ್ಟರೆ ಆರಿ ಗಂಟಾಗುವುದರಿಂದ ಮೂರು ಸಲವಾಗಿ ಕೆದಕಿಸುತ್ತೇನೆ. ಬೇಸಿಗೆಯಲ್ಲಿ ಕಾಯಿ ಚಟ್ನಿ ಮೂರು ಗಂಟೆಯಲ್ಲಿ ಹಳಸಲು ತೊಡಗುತ್ತದೆ, ಹಾಗಾಗಿ ಅದನ್ನೂ ಎರಡು ಬಾರಿಯಾಗಿ ರುಬ್ಬಿಸಬೇಕು.

ಈರುಳ್ಳಿ, ಬೆಳ್ಳುಳ್ಳಿ ನಡೆಯುತ್ತದೆಯೇ ಎಂಬುದನ್ನು ಎರಡೂ ಕಡೆಯವರಿಂದ ಮೊದಲೇ ಕೇಳಿ ತಿಳಿಯಬೇಕು. ವಯಸ್ಸಾದವರಿಗೆ 5.30ಕ್ಕೇ ಕಾಫಿ ಸಿಗಬೇಕು, ಅದರಲ್ಲಿ ಒಂದು ಫ್ಲಾಸ್ಕ್ ಸಕ್ಕರೆ ಹಾಕದ್ದಿರಲಿ. ಮಾತ್ರೆ ನುಂಗಬೇಕಾದವರು ಪಂಕ್ತಿಗೆ ಕಾಯಲಾರರು, ಅವರ ಕೋಣೆಗೆ ಎರಡು ಇಡ್ಲಿ ಮೊದಲು ಹೋಗಬೇಕು.

ಇನ್ನು, ಅನೇಕ ಮನೆಗಳಲ್ಲಿ ಧಾರೆ ಎರೆಯುವ ತಂದೆ ತಾಯಿ ಅಲ್ಲಿಯವರೆಗೆ ಏನೂ ತಿನ್ನುವುದಿಲ್ಲ. ಧಾರೆ ಮುಗಿದೊಡನೆ ಅವರನ್ನು ನೆಂಟರು ಸುತ್ತುವರಿಯುತ್ತಾರೆ, ಅವರ ಹಸಿವನ್ನು ವಿಚಾರಿಸುವವರು ಇರುವುದಿಲ್ಲ. ಇಂಥ ಮದುವೆಗಳಲ್ಲಿ ಕೊನೆಯ ಒಬ್ಬೆಯಿಂದ ಎಂಟು ಇಡ್ಲಿ, ಒಂದು ಬಟ್ಟಲು ಚಟ್ನಿಯನ್ನು ಮುಚ್ಚಳದ ಡಬ್ಬಿಯಲ್ಲಿ ಉಗ್ರಾಣದಲ್ಲಿ ಎತ್ತಿಡಿಸಿ, ಅದನ್ನು ಅವರಿಗೆ ತಲುಪಿಸುವ ಕೆಲಸವನ್ನು ಬೆಳಿಗ್ಗೆಯೇ ಹುಡುಗಿಯ ಸೋದರಮಾವನಿಗೋ ಚಿಕ್ಕಮ್ಮನಿಗೋ ಹೆಸರು ಹಿಡಿದು ಒಪ್ಪಿಸುತ್ತೇನೆ.