ತುಕ್ಕು ಹಿಡಿದು ಕಚ್ಚಿಕೊಂಡ ಎಬಿಎಸ್ ಸೆನ್ಸರನ್ನು ತೆಗೆಯುವುದು ಹೇಗೆ?

ಪ್ರಶ್ನೆ: ನಮ್ಮ ಮನೆ ಕುಂಬಳೆಯ ಕಡಲ ಬದಿಯಲ್ಲಿದೆ. ಕಾರು 2011ರದ್ದು. ಕೆಲವು ವಾರಗಳಿಂದ ಎಬಿಎಸ್ (ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಚಕ್ರ ಬಿಗಿಯದಂತೆ ತಡೆಯುವ ವ್ಯವಸ್ಥೆ) ದೀಪ ಆರುತ್ತಿಲ್ಲ. ಮುಂದಿನ ಎಡಚಕ್ರದ ವೇಗ ಅಳೆಯುವ ಸೆನ್ಸರ್ ಕೆಟ್ಟಿದೆ ಎಂದು ಗ್ಯಾರೇಜಿನವರು ಹೇಳಿದರು. ಬೋಲ್ಟ್ ಬಿಚ್ಚಿದ್ದಾಗಿದೆ, ಸೆನ್ಸರ್ ಮಾತ್ರ ಅಲುಗಾಡುತ್ತಿಲ್ಲ. ಮುರಿದರೆ ನಕಲ್ (ಚಕ್ರದ ಬೇರಿಂಗನ್ನು ಹಿಡಿದಿರುವ ಲೋಹದ ಭಾಗ) ಸಮೇತ ಬದಲಿಸಬೇಕಾದೀತು ಎನ್ನುತ್ತಾರೆ. ಮುರಿಯದಂತೆ ತೆಗೆಯಲು ದಾರಿ ಇದೆಯೇ?

ಉತ್ತರ: ಇಷ್ಟು ಹಳೆಯ ಕಾರಿನಲ್ಲಿ ಕಚ್ಚಿಕೊಂಡ ಸೆನ್ಸರ್ ಇಡಿಯಾಗಿ ಹೊರಬರುವುದು ಅಪರೂಪ. ಅದು ಇಡಿಯಾಗಿ ಬರಬೇಕಾದ ಅಗತ್ಯವೂ ಇಲ್ಲ. ಹೇಗೂ ಎಸೆಯಬೇಕಾದ ವಸ್ತು ಅದು. ಉಳಿಸಿಕೊಳ್ಳಬೇಕಾದದ್ದು ಅದು ಕೂತಿರುವ ರಂಧ್ರವನ್ನು, ರಂಧ್ರದ ಆಚೆ ಚಕ್ರದ ಜೊತೆ ತಿರುಗುವ, ಸೆನ್ಸರ್ ವೇಗ ಓದಿಕೊಳ್ಳುವ ಉಂಗುರವನ್ನು ಮತ್ತು ಬೇರಿಂಗನ್ನು. ಈ ಮೂರಕ್ಕೆ ಏಟು ಬೀಳದಿದ್ದರೆ ನಕಲ್ ಬದಲಿಸುವ ಮಾತೇ ಬರುವುದಿಲ್ಲ.

ಸೆನ್ಸರ್ ಬಲಿಯಾಗುವುದು ಖಚಿತವಾದ್ದರಿಂದ ಅದು ನಿಜವಾಗಿ ಕೆಟ್ಟಿದೆಯೇ ಎಂದು ಮೊದಲು ನೋಡಬೇಕು. ನಾನು ಹೆಚ್ಚು ಒತ್ತಿ ಹೇಳುವುದು ಇದನ್ನೇ. ಕಾರಿನ ದೋಷ ಓದುವ ಸ್ಕ್ಯಾನರ್ ತೋರಿಸುವುದು ಯಾವ ಚಕ್ರದ ಕಡೆಯಿಂದ ಸಂಕೇತ ಸರಿಯಾಗಿ ಬರುತ್ತಿಲ್ಲ ಎಂಬುದನ್ನು ಮಾತ್ರ. ದೋಷ ಕನೆಕ್ಟರಿನೊಳಗೆ ಹಸಿರುಗಟ್ಟಿದ ಪಿನ್ನಿನಲ್ಲಿರಬಹುದು, ಸ್ಟೀರಿಂಗ್ ತಿರುಗಿದಾಗಲೆಲ್ಲ ಬಾಗುವ ವೈರಿನ ಬಿರುಕಿನಲ್ಲಿರಬಹುದು, ಇಲಿ ಕಡಿದ ಜಾಗದಲ್ಲೂ ಇರಬಹುದು. ಹಳೆಯ ಮಾದರಿಯ, ಸುರುಳಿ ಇರುವ ಸೆನ್ಸರ್ ಆದರೆ ಮಲ್ಟಿಮೀಟರಿನಲ್ಲಿ ಅದರ ರೋಧ ಸಾಮಾನ್ಯವಾಗಿ 1,000ದಿಂದ 2,000 ಓಮ್ ಆಸುಪಾಸಿನಲ್ಲಿ ಸಿಗುತ್ತದೆ. ಬಲಚಕ್ರದ್ದನ್ನೂ ಅಳೆದು ಹೋಲಿಸಿ ನೋಡಿ. ವಿದ್ಯುತ್ ಪೂರೈಕೆ ಬೇಕಾಗುವ ಹೊಸ ಮಾದರಿಯದ್ದನ್ನು ಹೀಗೆ ಅಳೆದು ತೀರ್ಮಾನಿಸಲು ಆಗದು. ಕಾರನ್ನು ನಿಧಾನವಾಗಿ ಓಡಿಸುತ್ತ, ಪಕ್ಕದಲ್ಲಿ ಕೂತವರು ಸ್ಕ್ಯಾನರಿನಲ್ಲಿ ನಾಲ್ಕೂ ಚಕ್ರಗಳ ವೇಗವನ್ನು ಗಮನಿಸಬೇಕು.

ಕಚ್ಚಿಕೊಳ್ಳಲು ಕಾರಣ ಹೊರಗಿನ ತುಕ್ಕಲ್ಲ, ರಂಧ್ರದೊಳಗಿನ ತುಕ್ಕು. ಸೆನ್ಸರಿನ ಮೈ ಪ್ಲಾಸ್ಟಿಕ್, ಅದು ಕೂರುವ ನಕಲ್ ಹಲವು ಕಾರುಗಳಲ್ಲಿ ಎರಕದ ಕಬ್ಬಿಣದ್ದು. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ. ಮಳೆಗಾಲದಲ್ಲಿ ಉಬ್ಬಿದ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುವಂತೆ ತುಕ್ಕು ಪ್ಲಾಸ್ಟಿಕ್ಕನ್ನು ಸುತ್ತಲಿಂದ ಒತ್ತಿ ಹಿಡಿಯುತ್ತದೆ. ಕಾಸರಗೋಡು ಜಿಲ್ಲೆಯ ಕರಾವಳಿಯಲ್ಲಿ ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ಉಪ್ಪು ಗಾಳಿ, ಜೊತೆಗೆ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ನಮ್ಮ ಕಾರುಗಳಿಗೆ ಈ ಕಾಯಿಲೆ ಬೇಗ ಅಂಟುವುದರಲ್ಲಿ ಆಶ್ಚರ್ಯವಿಲ್ಲ.

ಇನ್ನು ಕೆಲಸ. ಕಾರನ್ನು ಸಮತಟ್ಟಾದ ನೆಲದಲ್ಲಿ ಜ್ಯಾಕ್‌ನಿಂದ ಎತ್ತಿ, ಗಟ್ಟಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಅಂಗಳದಲ್ಲಿ ಕೈಗೆ ಸಿಕ್ಕಿತೆಂದು ಕೆಂಪುಕಲ್ಲನ್ನು ಅಡಿಗೆ ಇಡಲೇಬೇಡಿ, ಅದು ಸುಳಿವು ಕೊಡದೆ ಒಡೆಯುತ್ತದೆ. ಚಕ್ರ ತೆಗೆದ ಮೇಲೆ ಸೆನ್ಸರಿನ ಸುತ್ತಲಿನ ಮಣ್ಣು, ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆಯನ್ನು ಅಂಚಿಗೆ ಬಿಟ್ಟು ರಾತ್ರಿಯಿಡೀ ನೆನೆಯಲು ಬಿಡಿ. ಎಣ್ಣೆ ಬ್ರೇಕ್ ಡಿಸ್ಕಿಗಾಗಲಿ ಪ್ಯಾಡಿಗಾಗಲಿ ತಾಗಬಾರದು. ಮಾರನೆಯ ದಿನ ಸೆನ್ಸರಿನ ತಲೆಯನ್ನು ಇಕ್ಕುಳದಿಂದ ಹಿಡಿದು ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪವೇ ತಿರುಗಿಸಿ. ನೇರವಾಗಿ ಎಳೆಯುವುದು, ಬೋಲ್ಟ್ ಕೂರುವ ಕಿವಿಯ ಅಡಿಗೆ ಸ್ಕ್ರೂಡ್ರೈವರ್ ತೂರಿಸಿ ಎತ್ತುವುದು ಬೇಡ. ಹಾಗೆ ಮಾಡಿದರೆ ತಲೆ ಮುರಿದು ಕೈಗೆ ಬರುತ್ತದೆ, ದೇಹ ಒಳಗೇ ಉಳಿಯುತ್ತದೆ. ತುಸು ತಿರುಗಿತೆಂದರೆ ಮತ್ತೆ ಎಣ್ಣೆ ಬಿಟ್ಟು, ಅತ್ತಿತ್ತ ತಿರುಗಿಸುತ್ತಲೇ ಹೊರಕ್ಕೆ ತನ್ನಿ.

ಗ್ಯಾಸ್ ಜ್ವಾಲೆ ಹಿಡಿಯುವುದನ್ನು ನಾನು ಒಪ್ಪುವುದಿಲ್ಲ. ಪ್ಲಾಸ್ಟಿಕ್ ಕರಗುತ್ತದೆ, ಈಗಷ್ಟೇ ಬಿಟ್ಟ ಎಣ್ಣೆಗೆ ಬೆಂಕಿ ಹತ್ತಬಹುದು, ಬ್ರೇಕಿನ ರಬ್ಬರ್ ಹೋಸ್ ಕೂಡ ಅಲ್ಲೇ ಹತ್ತಿರದಲ್ಲಿರುತ್ತದೆ.

ತಲೆ ಮುರಿದರೂ ಗಾಬರಿ ಬೇಡ. ಕೆಲವು ಕಾರುಗಳಲ್ಲಿ ಡಿಸ್ಕ್ ಮತ್ತು ಅದರ ಹಿಂದಿನ ತಗಡನ್ನು ತೆಗೆದರೆ ಸೆನ್ಸರಿನ ತುದಿ ಕಾಣುತ್ತದೆ. ಆಗ ಒಳಗಿನಿಂದ ಪಂಚ್ ಇಟ್ಟು ಮೆಲ್ಲನೆ ಬಡಿದು ಹೊರಗೆ ತಳ್ಳಬಹುದು. ಆ ದಾರಿ ಇಲ್ಲದಿದ್ದರೆ ರಂಧ್ರಕ್ಕಿಂತ ಸಾಕಷ್ಟು ಸಣ್ಣ ಡ್ರಿಲ್ ಬಿಟ್‌ನಿಂದ ಪ್ಲಾಸ್ಟಿಕ್ಕಿನ ನಡುವೆ ಕೊರೆಯಿರಿ. ಎಲ್ಲಕ್ಕಿಂತ ಹೆಚ್ಚಿನ ಎಚ್ಚರ ಬೇಕಾದದ್ದು ಇಲ್ಲಿ. ಹೊಸ ಸೆನ್ಸರಿನ ಉದ್ದವನ್ನು ಅಳೆದು, ಅದಕ್ಕಿಂತ ಕಡಿಮೆ ಆಳಕ್ಕೆ ಬಿಟ್‌ನ ಮೇಲೆ ಟೇಪ್ ಸುತ್ತಿ ಗುರುತು ಮಾಡಿಕೊಳ್ಳಿ. ಬಿಟ್ ಅದನ್ನು ಮೀರಿ ಒಳಹೋದರೆ ಉಂಗುರ ಹಾಳಾಗುತ್ತದೆ. ಉಂಗುರ ಬೇರಿಂಗಿನ ಸೀಲಿನಲ್ಲೇ ಇರುವ ಕಾರಾದರೆ ಬೇರಿಂಗನ್ನೂ ಬದಲಿಸಬೇಕಾಗುತ್ತದೆ. ಕೊರೆದ ತೂತಿಗೆ ಒಂದು ಸ್ಕ್ರೂ ತಿರುಗಿಸಿ, ಅದನ್ನು ಇಕ್ಕುಳದಿಂದ ಹಿಡಿದು ಎಳೆದರೆ ಹಲವು ಸಲ ಉಳಿದ ತುಂಡು ಬಂದುಬಿಡುತ್ತದೆ. ಬಾರದಿದ್ದರೆ ಉಳಿದ ಚಿಪ್ಪನ್ನು ಸಣ್ಣ ಉಳಿಯಿಂದ ನಡುವಿನ ಕಡೆಗೆ ಮಡಚಿ, ಚೂರು ಚೂರಾಗಿ ಹೊರತೆಗೆಯಿರಿ.

ಹೊಸದನ್ನು ಹಾಕುವ ಆತುರದಲ್ಲಿ ರಂಧ್ರವನ್ನು ಸ್ವಚ್ಛ ಮಾಡದೆ ಬಿಡುವವರೇ ಹೆಚ್ಚು. ಉರುಟಾಗಿ ಸುತ್ತಿದ ಮರಳು ಕಾಗದದಿಂದ ಒಳಗೋಡೆಯನ್ನೂ, ಸೆನ್ಸರಿನ ಕಿವಿ ಕೂರುವ ಮುಖವನ್ನೂ ಉಜ್ಜಿ ಲೋಹ ಕಾಣುವಂತೆ ಮಾಡಿ. ಆ ಮುಖದಲ್ಲಿ ತುಕ್ಕಿನ ಪದರ ಉಳಿದರೆ ಸೆನ್ಸರ್ ಅಷ್ಟು ಮೇಲೆ ಕೂರುತ್ತದೆ, ಉಂಗುರದಿಂದ ಅದರ ದೂರ ಹೆಚ್ಚುತ್ತದೆ, ಹೊಸ ಸೆನ್ಸರ್ ಇದ್ದರೂ ದೀಪ ಉರಿಯುತ್ತದೆ. ಉಜ್ಜಿದ ಪುಡಿ ಒಳಗೆ ಬೀಳದಂತೆ ನೋಡಿಕೊಳ್ಳಿ. ಬಿದ್ದದ್ದನ್ನು ವ್ಯಾಕ್ಯೂಮಿನಿಂದ ಎಳೆದು ತೆಗೆಯಿರಿ. ಕಾಂತ ಇರುವ ಉಂಗುರವಾದರೆ ಕಬ್ಬಿಣದ ಪುಡಿ ಅದಕ್ಕೇ ಅಂಟಿಕೊಂಡು ಸಂಕೇತ ಕೆಡಿಸುತ್ತದೆ. ಬಳಿಕ ಗೋಡೆಗೆ ಸಿಲಿಕೋನ್ ಗ್ರೀಸನ್ನು ತೆಳ್ಳಗೆ ಸವರಿ, ಸೆನ್ಸರನ್ನು ಕೈಯಿಂದಲೇ ಒತ್ತಿ ಕೂರಿಸಿ. ಸುತ್ತಿಗೆಯ ಅಗತ್ಯ ಬಿದ್ದರೆ ರಂಧ್ರ ಇನ್ನೂ ಸ್ವಚ್ಛವಾಗಿಲ್ಲ ಎಂದರ್ಥ. ಬೋಲ್ಟ್ ಸಣ್ಣದು, ಬಲ ಹಾಕಿ ಬಿಗಿಯಬೇಡಿ. ವೈರನ್ನು ಮೊದಲಿನ ಕ್ಲಿಪ್ಪುಗಳಲ್ಲೇ ಕೂರಿಸಿ, ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಅದು ಎಲ್ಲೂ ಎಳೆಯುತ್ತಿಲ್ಲ, ಉಜ್ಜುತ್ತಿಲ್ಲ ಎಂದು ನೋಡಿ.

ಅಲ್ಲಿಯವರೆಗೆ ಕಾರು ಓಡಿಸಬಹುದೇ ಎಂದರೆ, ಎಬಿಎಸ್ ದೀಪ ಮಾತ್ರ ಉರಿಯುತ್ತಿದ್ದರೆ ಮಾಮೂಲು ಬ್ರೇಕ್ ಇದ್ದೇ ಇರುತ್ತದೆ. ಆದರೆ ಒದ್ದೆ ರಸ್ತೆಯಲ್ಲಿ ಗಟ್ಟಿಯಾಗಿ ಒತ್ತಿದರೆ ಚಕ್ರಗಳು ಬಿಗಿದು ಕಾರು ಜಾರಬಹುದು. ಹೆದ್ದಾರಿಯಲ್ಲಿ ಮುಂದಿನ ವಾಹನದಿಂದ ಹೆಚ್ಚು ಅಂತರ ಇಟ್ಟುಕೊಳ್ಳಿ. ಜೊತೆಗೆ ಬ್ರೇಕಿನ ಕೆಂಪು ದೀಪವೂ ಹತ್ತಿದರೆ ಕಾರನ್ನು ಅಲ್ಲೇ ನಿಲ್ಲಿಸಿ, ಮೆಕ್ಯಾನಿಕ್‌ನನ್ನು ಕಾರಿದ್ದಲ್ಲಿಗೇ ಕರೆಸಿ.