ಉಲ್ಕಾಶಿಲೆಗಳ ಊರು ಯಾವುದು?

ಕಾಂಡ್ರೈಟ್, ಪಲ್ಲಸೈಟ್, ಶೆರ್ಗೊಟೈಟ್. ಉಲ್ಕಾಶಿಲೆಗಳ ಬಗ್ಗೆ ಓದಲು ಹೊರಟವರು ಈ ಹೆಸರುಗಳಲ್ಲೇ ಸಿಕ್ಕಿಬೀಳುತ್ತಾರೆ. ಮೂಲ ವಿಂಗಡಣೆ ಸರಳ: ಕಲ್ಲು, ಕಬ್ಬಿಣ, ಎರಡೂ ಬೆರೆತದ್ದು. ಗೋಜಲಾಗಿರುವುದು ಅವು ಎಲ್ಲಿಂದ ಬಂದವು ಎಂಬ ಪ್ರಶ್ನೆ.

ಆಕಾಶದಿಂದ ಕಲ್ಲು ಬೀಳುತ್ತದೆ ಎಂದರೆ 18ನೇ ಶತಮಾನದ ಹೆಚ್ಚಿನ ಪಂಡಿತರು ನಂಬುತ್ತಿರಲಿಲ್ಲ. 1794ರಲ್ಲಿ ಜರ್ಮನಿಯ ಭೌತವಿಜ್ಞಾನಿ ಕ್ಲಾಡ್ನಿ ಇವು ಭೂಮಿಯ ಹೊರಗಿನವು ಎಂದು ಬರೆದರು. 1803ರಲ್ಲಿ ಫ್ರಾನ್ಸಿನ ಲೇಗ್ಲ್ ಊರಿನ ಸುತ್ತ ಸಾವಿರಾರು ಕಲ್ಲು ಸುರಿದವು. ಕಂಡವರ ಮಾತು ಕೇಳಿ ಫ್ರೆಂಚ್ ವಿಜ್ಞಾನಿ ಬಿಯೊ ವರದಿ ಕೊಟ್ಟ ಮೇಲೆ ಅನುಮಾನ ಕರಗಿತು. ಹೊಲದಲ್ಲಿ ನಿಂತು ನೋಡಿದವರ ಮಾತಿಗೆ ಮೊದಲೇ ಬೆಲೆ ಸಿಗಬೇಕಿತ್ತು, ಅಲ್ವಾ? 1959ರಲ್ಲಿ ಚೆಕೊಸ್ಲೊವಾಕಿಯಾದ ಪ್ರಿಬ್ರಾಮ್ ಬಳಿ ಬಿದ್ದ ಕಲ್ಲಿನ ಬೆಳಕಿನ ಹಾದಿ ಕ್ಯಾಮೆರಾಗಳಲ್ಲಿ ಸಿಕ್ಕಿತು. ಲೆಕ್ಕ ಹಾಕಿದರೆ ಅದು ಮಂಗಳ ಮತ್ತು ಗುರುವಿನ ನಡುವಿನ ಕ್ಷುದ್ರಗ್ರಹ ಪಟ್ಟಿಯ ಕಡೆ ತೋರಿಸಿತು.

ಆದರೆ ಕೆಲವು ಕಲ್ಲುಗಳು ಈ ಲೆಕ್ಕಕ್ಕೆ ಒಗ್ಗಲಿಲ್ಲ. ಕಾಂಡ್ರೈಟ್‌ಗಳ, ಅಂದರೆ ಹೆಚ್ಚಾಗಿ ಬೀಳುವ ಸಾಮಾನ್ಯ ಕಲ್ಲುಗಳ, ವಯಸ್ಸು ಸುಮಾರು 456 ಕೋಟಿ ವರ್ಷ. 1911ರಲ್ಲಿ ಈಜಿಪ್ಟಿನ ನಖ್ಲಾದಲ್ಲಿ ಬಿದ್ದ ಕಲ್ಲಿಗೆ ಬರೀ 130 ಕೋಟಿ. ಅದು ಲಾವಾ ಆರಿ ಆದ ಕಲ್ಲು. ಪುಟ್ಟ ಕ್ಷುದ್ರಗ್ರಹಗಳು ಅದಕ್ಕೂ ಎಷ್ಟೋ ಮೊದಲೇ ತಣ್ಣಗಾಗಿದ್ದವು. ಹಾಗಾದರೆ ಆ ಲಾವಾ ಹರಿದದ್ದು ಎಲ್ಲಿ? ಮಂಗಳ ಎಂದು ಕೆಲವರು ಊಹಿಸಿದರು. ಅಷ್ಟು ದೊಡ್ಡ ಗ್ರಹದಿಂದ ಕಲ್ಲು ಪುಡಿಯಾಗದೆ ಚಿಮ್ಮಲು ಸಾಧ್ಯವೇ ಇಲ್ಲ ಎಂದು ಉಳಿದವರು ತಳ್ಳಿಹಾಕಿದರು.

ಉತ್ತರ ಅಂಟಾರ್ಕ್ಟಿಕಾದ ಹಿಮದಲ್ಲಿತ್ತು. 1982ರಲ್ಲಿ ಅಲ್ಲಿ ಸಿಕ್ಕ ಒಂದು ತುಣುಕು ಅಪೊಲೊ ಯಾತ್ರಿಗಳು ತಂದ ಚಂದ್ರನ ಕಲ್ಲಿಗೆ ಹೊಂದಿತು. ಚಂದ್ರನಿಂದ ಕಲ್ಲು ಬರಬಹುದಾದರೆ ಮಂಗಳದಿಂದ ಯಾಕೆ ಬರಬಾರದು? ಅಲ್ಲೇ ಹಿಂದೆ ಸಿಕ್ಕಿದ್ದ ಇನ್ನೊಂದು ಕಲ್ಲಿನೊಳಗೆ, ಹೊಡೆತಕ್ಕೆ ಕರಗಿ ಗಾಜಾದ ಜಾಗದಲ್ಲಿ, ಚೂರು ಗಾಳಿ ಸಿಕ್ಕಿಕೊಂಡಿತ್ತು. 1983ರಲ್ಲಿ ಅದನ್ನು ಅಳೆದರು. 1976ರಲ್ಲಿ ವೈಕಿಂಗ್ ನೌಕೆಗಳು ಮಂಗಳದಲ್ಲಿ ಅಳೆದ ಗಾಳಿಗೆ ಅದು ಹೊಂದಿಬಿಟ್ಟಿತು! ಬಿಹಾರದ ಶೇರ್‌ಘಾಟಿಯಲ್ಲಿ 1865ರಲ್ಲಿ ಬಿದ್ದ ಕಲ್ಲು ಕೂಡ ಇದೇ ಬಳಗದ್ದು. ಶೆರ್ಗೊಟೈಟ್ ಎಂಬ ಹೆಸರು ಬಂದದ್ದು ಆ ಊರಿನಿಂದಲೇ. ಮಂಗಳದ ಚೂರು ನೂರಕ್ಕೂ ಹೆಚ್ಚು ವರ್ಷ ನಮ್ಮ ಕೈಯಲ್ಲೇ ಇತ್ತು.

ಈಗ ಸಾಮಾನ್ಯ ಕಲ್ಲುಗಳ ವಿಳಾಸವೂ ಸಿಗುತ್ತಿದೆ. ಬೀಳುವ ಕಲ್ಲುಗಳಲ್ಲಿ ಸುಮಾರು 70% ಮಸ್ಸಾಲಿಯಾ, ಕರಿನ್, ಕೊರೊನಿಸ್ ಎಂಬ ಮೂರೇ ಕ್ಷುದ್ರಗ್ರಹ ಕುಟುಂಬಗಳಿಂದ (ಒಂದು ಕ್ಷುದ್ರಗ್ರಹ ಒಡೆದು ಆದ ಚೂರುಗಳ ಗುಂಪು) ಬರುತ್ತವೆ ಎಂದು 2024ರ ಅಧ್ಯಯನಗಳು ಹೇಳಿವೆ. ಖಗೋಳದ ಲೆಕ್ಕದಲ್ಲಿ ಇತ್ತೀಚೆಗೆ ಒಡೆದವರ ಮನೆಯ ಚೂರುಗಳೇ ಜಾಸ್ತಿ ಬರುತ್ತಿವೆ. ಪಟ್ಟಿಯಲ್ಲಿ ಹೇರಳವಾಗಿರುವ ಇಂಗಾಲದ ಕಪ್ಪು ಕಲ್ಲುಗಳು ಮೆದು. ಹೆಚ್ಚಿನವು ಗಾಳಿಯಲ್ಲೇ ಪುಡಿಯಾಗುತ್ತವೆ. ಅದಕ್ಕೇ ರ್ಯುಗು ಮತ್ತು ಬೆನ್ನು ಎಂಬ ಕ್ಷುದ್ರಗ್ರಹಗಳ ತನಕ ನೌಕೆ ಕಳಿಸಿ ಅವನ್ನು ತರಬೇಕಾಯಿತು.